ಸೈಟು ಬಿಟ್ಟು ಹಳೆಯ ಮನೆ ಹಿಡಿದವರು: ಬೆಂಗಳೂರಿನ ಒಂದು ಕುಟುಂಬದ ಆಸ್ತಿ ಲೆಕ್ಕ

2019ರ ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಭಾವ ಫೋನ್ ಮಾಡಿದರು. "ಮಾಗಡಿ ರಸ್ತೆಯ ಆಚೆ ಒಂದು ಸೈಟು ನೋಡಿದ್ದೇವಪ್ಪಾ. ಮೂವತ್ತು ನಲವತ್ತು, ಪೂರ್ವ ದಿಕ್ಕು. ಒಂದು ಲಕ್ಷ ಟೋಕನ್ ಕೊಟ್ಟಾಯಿತು. ನೀನು ಬಂದು ಒಮ್ಮೆ ಕಾಗದ ನೋಡಿಬಿಡು" ಎಂದರು. ದುಡ್ಡು ಕೊಟ್ಟ ಮೇಲೆ ಕಾಗದ ತೋರಿಸುವ ಈ ರೂಢಿ ಬೆಂಗಳೂರಿನಲ್ಲಿ ಎಷ್ಟು ಮನೆಗಳ ಉಳಿತಾಯವನ್ನು ನುಂಗಿದೆಯೋ ಲೆಕ್ಕವಿಲ್ಲ. ನಾನು ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವವನು. ದಿನಬೆಳಗಾದರೆ ಕ್ರಯಪತ್ರ, ಖಾತೆ, ಇ.ಸಿ. (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ) ಇವುಗಳ ನಡುವೆಯೇ ಇರುತ್ತೇನೆ. ಆದರೂ ಸ್ವಂತ ಅಕ್ಕನ ಮನೆಯವರು ನನ್ನನ್ನು ಕೇಳಿದ್ದು ಟೋಕನ್ ಕೊಟ್ಟಾದ ಮೇಲೆ.

ಆ ಸೈಟು ಯಾಕೆ ಬೇಡವಾಯಿತು, ಅದರ ಬದಲು ಏನು ಕೊಂಡರು, ಆರು ವರ್ಷದಲ್ಲಿ ಲೆಕ್ಕ ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅಕ್ಕನ ಒಪ್ಪಿಗೆ ಇದೆ. ಹೆಸರು ಮಾತ್ರ ಬೇಡ ಎಂದಿದ್ದಾಳೆ.

ಆಗ ಭಾವನಿಗೆ 47 ವರ್ಷ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್, ತಿಂಗಳಿಗೆ 46,000 ರೂಪಾಯಿ ಸಂಬಳ. ಅಕ್ಕ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ, ಅವಳದು 24,000. ಎಂಟನೇ ತರಗತಿಯಲ್ಲಿ ಓದುವ ಒಬ್ಬಳೇ ಮಗಳು. ಲಗ್ಗೆರೆಯಲ್ಲಿ 14,000 ರೂಪಾಯಿ ಬಾಡಿಗೆಯ ಮನೆ. ಬ್ಯಾಂಕಿನಲ್ಲಿ 11 ಲಕ್ಷ ಠೇವಣಿ ಇತ್ತು. ತಿಂಗಳಿಗೆ 10,000ದಂತೆ ಕಟ್ಟಿಕೊಂಡು ಬಂದಿದ್ದ ನೋಂದಾಯಿತ ಚೀಟಿಯೊಂದು ಮುಗಿಯುವ ಹಂತದಲ್ಲಿತ್ತು. ಅದನ್ನು ಮಧ್ಯದಲ್ಲಿ ಕೂಗದೆ ಕೊನೆಯವರೆಗೆ ಕಾದಿದ್ದರಿಂದ 5 ಲಕ್ಷ ಕೈಗೆ ಬರುವುದಿತ್ತು. ಒಟ್ಟು 16 ಲಕ್ಷ. ಸೈಟಿನ ಬೆಲೆ 28 ಲಕ್ಷ. ಉಳಿದ 12 ಲಕ್ಷವನ್ನು ಖಾಸಗಿ ಫೈನಾನ್ಸಿನಿಂದ ನೂರಕ್ಕೆ ಹದಿನಾಲ್ಕರ ಬಡ್ಡಿಗೆ ಕೊಡಿಸುವುದಾಗಿ ಮಧ್ಯವರ್ತಿಯೇ ಹೇಳಿದ್ದರು.

"ಬ್ಯಾಂಕಿನ ಸಾಲ ಯಾಕಿಲ್ಲ?" ಎಂದು ಕೇಳಿದೆ.

"ಅದು ಬಿ ಖಾತೆ. ಬ್ಯಾಂಕಿನವರು ಸುಮ್ಮನೆ ತಕರಾರು ಮಾಡುತ್ತಾರಂತೆ" ಎಂದರು ಭಾವ. ನಿಯಮದಂತೆ ಇರುವ ಆಸ್ತಿಗೆ ಪಾಲಿಕೆ ಕೊಡುವುದು ಎ ಖಾತೆ; ಅನುಮೋದನೆ ಇಲ್ಲದ ಆಸ್ತಿಯಿಂದ ಕಂದಾಯ ವಸೂಲಿಗೆಂದಷ್ಟೇ ಬೇರೆಯಾಗಿ ಬರೆದಿಟ್ಟದ್ದು ಬಿ ಖಾತೆ.

ಬ್ಯಾಂಕು ಒಂದು ಆಸ್ತಿಯ ಮೇಲೆ ಸಾಲ ಕೊಡಲು ಒಪ್ಪುವುದಿಲ್ಲ ಎಂದರೆ, ಆ ಆಸ್ತಿಯನ್ನು ನಾಳೆ ಮಾರಿ ಸಾಲ ವಸೂಲಿ ಮಾಡಬಹುದು ಎಂಬ ನಂಬಿಕೆ ಅದರ ವಕೀಲರಿಗೆ ಬಂದಿಲ್ಲ ಎಂದರ್ಥ. ಬ್ಯಾಂಕಿಗೆ ಮಾರಲು ಕಷ್ಟವಾಗುವ ಆಸ್ತಿ ನಮಗೂ ಕಷ್ಟವೇ. ಇದನ್ನು ತಕರಾರು ಎಂದು ತಳ್ಳಿಹಾಕುವ ಬದಲು, ಹೆಚ್ಚು ಖರ್ಚಿಲ್ಲದೆ ಸಿಕ್ಕ ಎರಡನೇ ಅಭಿಪ್ರಾಯ ಎಂದು ತೆಗೆದುಕೊಳ್ಳಬೇಕು.

ಪಹಣಿಯ ಹತ್ತನೇ ಕಲಂ

ಸೈಟು ಇದ್ದದ್ದು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿ. ಮಧ್ಯವರ್ತಿ ಕೊಟ್ಟ ಪ್ಲಾಸ್ಟಿಕ್ ಫೈಲಿನಲ್ಲಿ ಇದ್ದವು ನಾಲ್ಕು ಕಾಗದ: ಮಾರುವವರ 2011ರ ಕ್ರಯಪತ್ರ, ಬಿ ಖಾತೆಯ ಪ್ರತಿ, ಮೂರು ವರ್ಷದ ಕಂದಾಯ ರಸೀದಿ, ಮತ್ತು 2004ರ ಏಪ್ರಿಲ್‌ನಿಂದ 2019ರವರೆಗಿನ ಇ.ಸಿ. ಭೂಪರಿವರ್ತನೆಯ ಆದೇಶ ಇರಲಿಲ್ಲ, ಬಡಾವಣೆಯ ಅನುಮೋದಿತ ನಕ್ಷೆಯೂ ಇರಲಿಲ್ಲ. ಕೃಷಿ ಜಮೀನನ್ನು ಹಾಗೆಯೇ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟು ಅದು.

ಇ.ಸಿ. 2004ರಿಂದಲೇ ಶುರುವಾಗಿದ್ದಕ್ಕೆ ಒಂದು ಕಾರಣವಿದೆ. ಆ ವರ್ಷದ ಏಪ್ರಿಲ್ 1ರಿಂದ ಈಚಿನ ದಾಖಲೆಗಳು ಕಂಪ್ಯೂಟರಿನಲ್ಲಿ ಸುಲಭವಾಗಿ ಸಿಗುತ್ತವೆ. ಅದಕ್ಕಿಂತ ಹಿಂದಿನದು ಬೇಕೆಂದರೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ, ಸಿಬ್ಬಂದಿ ಪುಸ್ತಕಗಳನ್ನು ತಿರುವಿ ಕೈಬರಹದಲ್ಲಿ ಬರೆದು ಕೊಡುವವರೆಗೆ ಕಾಯಬೇಕು. ಬಹಳ ಜನ ಅಷ್ಟು ಕಾಯುವುದಿಲ್ಲ. ತೊಂದರೆ ಇರುವ ಜಮೀನಿನ ತೊಂದರೆ ಸಾಮಾನ್ಯವಾಗಿ ಅವರು ಕಾಯದೆ ಬಿಟ್ಟ ಆ ಪುಟಗಳಲ್ಲೇ ಕುಳಿತಿರುತ್ತದೆ.

ಹಳೆಯ ಇ.ಸಿ., 1996ರ ಮೂಲ ಕ್ರಯಪತ್ರದ ದೃಢೀಕೃತ ನಕಲು ಮತ್ತು ಆ ಸರ್ವೆ ನಂಬರಿನ ಕೈಬರಹದ ಪಹಣಿಗಳನ್ನು ತರಿಸಲು ಮೂರು ವಾರ ಹಿಡಿಯಿತು. ಆಗಸ್ಟಿನ ಒಂದು ಸಂಜೆ ಲಗ್ಗೆರೆಯ ಮನೆಯಲ್ಲಿ ಊಟದ ಮೇಜಿನ ಮೇಲೆ ಅವನ್ನೆಲ್ಲ ಹರಡಿಕೊಂಡು ಕೂತೆವು. ಎಂಬತ್ತರ ದಶಕದ ಪಹಣಿಯ ನೆರಳಚ್ಚು ಪ್ರತಿ, ಅಂಚಿನಲ್ಲಿ ಅರ್ಧ ಅಕ್ಷರಗಳು ಮಾಸಿದ್ದವು. ಒಂಬತ್ತನೇ ಕಲಮಿನಲ್ಲಿ ಸ್ವಾಧೀನದಾರನ ಹೆಸರು, ಪಕ್ಕದಲ್ಲಿ 'ಎ.ಕೆ.' ಎಂಬ ಎರಡಕ್ಷರ. ಹತ್ತನೆಯದು ಜಮೀನು ಯಾವ ರೀತಿಯಲ್ಲಿ ಬಂತು ಎಂದು ಹೇಳುವ ಕಲಂ. ಅಲ್ಲಿ ಯಾರೋ ಗ್ರಾಮ ಲೆಕ್ಕಿಗರು ಓರೆ ಅಕ್ಷರದಲ್ಲಿ ಒಂದೇ ಪದ ಬರೆದಿದ್ದರು: 'ದರಖಾಸ್ತು'.

ಅಕ್ಕ ಆ ಪದದ ಮೇಲೆ ಬೆರಳಿಟ್ಟು, "ಹಾಗೆಂದರೇನು?" ಎಂದಳು.

ದರಖಾಸ್ತು ಎಂದರೆ ಭೂಮಿ ಇಲ್ಲದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. ಅದಕ್ಕೆ ಸಾಗುವಳಿ ಚೀಟಿ ಕೊಡುತ್ತಿದ್ದರು, ಇಂತಿಷ್ಟು ವರ್ಷ ಪರಭಾರೆ ಮಾಡಕೂಡದು ಎಂಬ ಷರತ್ತು ಅದರಲ್ಲಿ ಇರುತ್ತಿತ್ತು. ಎ.ಕೆ. ಎಂದರೆ ಆದಿ ಕರ್ನಾಟಕ. ಅಂದರೆ ಇದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಮಂಜೂರಾದ ಜಮೀನು. ಇಂಥ ಜಮೀನನ್ನು ಕಾಪಾಡಲೆಂದೇ ಪಿ.ಟಿ.ಸಿ.ಎಲ್. ಎಂದು ಎಲ್ಲರೂ ಕರೆಯುವ 1978ರ ಕಾಯ್ದೆ ಇದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಇದನ್ನು ಮಾರಿದರೆ ಆ ಮಾರಾಟವೇ ಅಸಿಂಧು. ಉಪವಿಭಾಗಾಧಿಕಾರಿಗಳು ಜಮೀನನ್ನು ವಶಕ್ಕೆ ಪಡೆದು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ನಡುವೆ ಹತ್ತು ಕೈ ಬದಲಾಗಿದ್ದರೂ, ಕೊನೆಯವರು ಪೂರ್ತಿ ಹಣ ಕೊಟ್ಟು ನೋಂದಣಿ ಮಾಡಿಸಿಕೊಂಡಿದ್ದರೂ ಇದೇ ಮಾತು. 1996ರ ಕ್ರಯಪತ್ರದಲ್ಲಿ ಮಂಜೂರುದಾರರ ಮಗ ಇಡೀ ಜಮೀನನ್ನು ಬಡಾವಣೆ ಮಾಡುವವರಿಗೆ ಬರೆದುಕೊಟ್ಟಿದ್ದರು. ಅದರಲ್ಲಿ ಎಲ್ಲಿ ಹುಡುಕಿದರೂ ಸರ್ಕಾರದ ಅನುಮತಿಯ ಪ್ರಸ್ತಾಪವೇ ಇರಲಿಲ್ಲ.

ಭಾವ ಸೋಲಲಿಲ್ಲ. ತುಂಬಾ ತಡವಾಗಿ ಬಂದ ಅರ್ಜಿಗಳನ್ನು ಪುರಸ್ಕರಿಸಬಾರದು ಎಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆಯಂತೆ ಎಂದರು. ಮಧ್ಯವರ್ತಿ ಅದನ್ನೂ ಹೇಳಿಕೊಟ್ಟಿದ್ದರು. ಆ ಮಾತು ಆಗ ನಿಜವಾಗಿಯೂ ಇತ್ತು. ಆದರೆ 2023ರಲ್ಲಿ ರಾಜ್ಯ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. 2019ರಲ್ಲಿ ಇದು ನನಗೆ ಗೊತ್ತಿರಲು ಸಾಧ್ಯವಿರಲಿಲ್ಲ. ನಾನು ಹೇಳಿದ್ದು ಇಷ್ಟೇ: "ಭಾವ, ನಿಮ್ಮ ಹದಿನಾರು ಲಕ್ಷ ಒಂದು ತೀರ್ಪಿನ ಮೇಲೆ ನಿಲ್ಲುತ್ತದೆ. ತೀರ್ಪು, ಕಾನೂನು ಎರಡೂ ಬದಲಾಗುತ್ತವೆ."

ಅದಕ್ಕೆ ಭಾವ ಏನೋ ಹೇಳುವಷ್ಟರಲ್ಲಿ ಅಕ್ಕ ಪಹಣಿಯನ್ನು ಮಡಚಿಟ್ಟಳು. "ಕಾನೂನು ಹಾಗಿರಲಿ. ಒಬ್ಬ ಬಡವರಿಗೆ ಬದುಕಲೆಂದು ಕೊಟ್ಟ ನೆಲ ಇದು. ಅವರ ಮಕ್ಕಳು ಈಗ ಎಲ್ಲಿದ್ದಾರೋ. ಇದರ ಮೇಲೆ ಮನೆ ಕಟ್ಟಿ ನಾನು ದೀಪ ಹಚ್ಚಲಾರೆ" ಎಂದಳು. ಆ ಸಂಜೆಯೇ ಸೈಟಿನ ಮಾತು ಮುಗಿಯಿತು. ಟೋಕನ್ನಿನಲ್ಲಿ 60,000 ರೂಪಾಯಿ ಮೂರು ತಿಂಗಳು ಅಲೆದ ಮೇಲೆ ವಾಪಸಾಯಿತು. 40,000 ಹೋಯಿತು.

ಸಂಪತ್ತಿನ ಬಗ್ಗೆ ಬರೆಯುವವರು ದೊಡ್ಡ ಗುರಿ ಇಟ್ಟುಕೊಳ್ಳಿ ಎಂದು ಹೇಳುವಾಗ ಸಾಮಾನ್ಯವಾಗಿ ದೊಡ್ಡ ಮೊತ್ತದ ಮಾತಾಡುತ್ತಾರೆ. ನನ್ನ ಮಟ್ಟಿಗೆ ಆ ಸಂಜೆ ಅಕ್ಕ ಆಡಿದ ಮಾತೇ ದೊಡ್ಡ ಗುರಿ. ಅದು ಲೆಕ್ಕದ ದೃಷ್ಟಿಯಿಂದಲೂ ಸರಿಯಾಗಿತ್ತು. ಯಾರದೋ ಹಕ್ಕಿನ ಮೇಲೆ ನಿಂತ ಆಸ್ತಿ ಒಂದಲ್ಲ ಒಂದು ದಿನ ಅವರ ಮೊಮ್ಮಕ್ಕಳ ಅರ್ಜಿಯಾಗಿ ಬಾಗಿಲಿಗೆ ಬರುತ್ತದೆ.

ಮೂರು ಸಾಲು

ಮರುವಾರ ಮತ್ತೆ ಕೂತಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಆಸ್ತಿ ಯಾವ ಕೆಲಸ ಮಾಡಬೇಕು? ಭಾವನ ಬಳಿ ಉತ್ತರ ಇರಲಿಲ್ಲ. "ಸ್ವಂತದ್ದು ಅಂತ ಒಂದು ಇರಬೇಕು" ಎಂದರು. ಬೆಂಗಳೂರಿನಲ್ಲಿ ಮೂವತ್ತು ವರ್ಷ ಬಾಡಿಗೆ ಮನೆಯಲ್ಲಿ ಕಳೆದವರಿಗೆ ಈ ಆಸೆ ಎಷ್ಟು ಆಳದ್ದೆಂದು ನನಗೆ ಗೊತ್ತು, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಬರೀ 'ಒಂದು ಇರಬೇಕು' ಎಂಬ ಗುರಿಗೆ ಯಾವ ಸೈಟಾದರೂ ಹೊಂದಿಕೊಳ್ಳುತ್ತದೆ. ಅದಕ್ಕೇ ಮೋಸ ಹೋಗುವುದು.

ಅಕ್ಕ ಮಗಳ ಹಳೆಯ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಮೂರು ಸಾಲು ಬರೆದಳು. 2024ರಲ್ಲಿ ಮಗಳು ಪಿಯುಸಿ ಮುಗಿಸಿದಾಗ ಕಾಲೇಜಿನ ಶುಲ್ಕಕ್ಕೆ ಸಾಲ ಮಾಡಬಾರದು. 2030ರಲ್ಲಿ ಭಾವನಿಗೆ 58 ತುಂಬಿದ ಮರುತಿಂಗಳು ಮನೆಗೆ ವರಮಾನ ನಿಲ್ಲಬಾರದು. ಮೂರನೆಯದನ್ನು ಬರೆಯುವಾಗ ಸ್ವಲ್ಪ ತಡೆದಳು: ಸಂಜೆ ಹೊತ್ತು ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಡಲು ಒಂದು ಹಜಾರ ಬೇಕು, ದುಡ್ಡು ತೆಗೆದುಕೊಳ್ಳದೆ.

ಈ ಮೂರು ಸಾಲು ಬಂದ ತಕ್ಷಣ ಖಾಲಿ ಸೈಟು ಎಂಬುದೇ ಪಟ್ಟಿಯಿಂದ ಬಿದ್ದುಹೋಯಿತು. ಖಾಲಿ ಸೈಟು ಬಾಡಿಗೆ ತರುವುದಿಲ್ಲ, ಹಜಾರವನ್ನೂ ಕೊಡುವುದಿಲ್ಲ. ಬೇಕಾಗಿದ್ದು ತಾವೂ ವಾಸ ಮಾಡಬಹುದಾದ, ಒಂದು ಅಂತಸ್ತನ್ನು ಬಾಡಿಗೆಗೆ ಕೊಡಬಹುದಾದ, ಎ ಖಾತೆ ಇರುವ, ಪೀಣ್ಯಕ್ಕೂ ಮೆಟ್ರೊಗೂ ಹತ್ತಿರದ ಮನೆ. ಹೊಸದು ಕೈಗೆಟುಕದು. ಹಳೆಯದಾದರೆ ಸಾಧ್ಯ.

ಸೆಪ್ಟೆಂಬರಿನಲ್ಲಿ ದಾಸರಹಳ್ಳಿ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಇಪ್ಪತ್ತು ಮೂವತ್ತರ ಒಂದು ಮನೆ ಸಿಕ್ಕಿತು. ನೆಲ ಅಂತಸ್ತು, ಮೊದಲ ಅಂತಸ್ತು, ಅದರ ಮೇಲೆ ಶೀಟು ಹೊದಿಸಿದ ಒಂದು ಕೋಣೆ. ಕೇಳಿದ ಬೆಲೆ 63 ಲಕ್ಷ. ಅದನ್ನು ಕೇಳಿ ಭಾವ ಎದ್ದು ನಿಂತರು. 28 ಲಕ್ಷದ ಸೈಟಿಗೇ ಸಾಲ ಬೇಕಾಗಿದ್ದವರು ಇದನ್ನು ಹೇಗೆ ಕೊಂಡಾರು?

ಇಲ್ಲಿ ಲೆಕ್ಕವನ್ನು ನಿಧಾನವಾಗಿ ಮಾಡಬೇಕು. ಸೈಟು ಕೊಂಡಿದ್ದರೆ 12 ಲಕ್ಷಕ್ಕೆ ನೂರಕ್ಕೆ ಹದಿನಾಲ್ಕರಂತೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 18,600. ಲಗ್ಗೆರೆಯ ಬಾಡಿಗೆ 14,000 ನಿಲ್ಲುವುದಿಲ್ಲ. ಒಟ್ಟು 32,600 ಹೊರಗೆ ಹೋಗುತ್ತದೆ, ಒಳಗೆ ಬರುವುದು ಸೊನ್ನೆ. ಮನೆಗೆ 40 ಲಕ್ಷ ಬ್ಯಾಂಕ್ ಸಾಲ, ನೂರಕ್ಕೆ 8.3ರ ಬಡ್ಡಿ, ಇಪ್ಪತ್ತು ವರ್ಷ ಎಂದರೆ ಕಂತು 34,200. ಮೊದಲ ಅಂತಸ್ತಿನಿಂದ 11,000 ಬಾಡಿಗೆ ಬರುತ್ತದೆ, ನಿಜವಾಗಿ ಕೈಯಿಂದ ಹೋಗುವುದು 23,200. ಇದರಲ್ಲಿ 14,000 ಮೊದಲೇ ಬಾಡಿಗೆಗೆಂದು ಹೋಗುತ್ತಿದ್ದ ಹಣ. ಹೊಸದಾಗಿ ಹೊಂದಿಸಬೇಕಾದ್ದು 9,200. ಚೀಟಿಯ 10,000 ಆ ವರ್ಷ ನಿಲ್ಲುತ್ತಿತ್ತು. ಬೆಲೆ ಎರಡು ಪಟ್ಟು ಇದ್ದ ಆಸ್ತಿಯ ತಿಂಗಳ ಹೊರೆ ಸೈಟಿನದಕ್ಕಿಂತ ಕಡಿಮೆ!

ಮನೆಗೆ ಕೈಯಿಂದ ಹಾಕಬೇಕಾದ ಹಣ ಸುಮಾರು 8 ಲಕ್ಷ ಹೆಚ್ಚು, ಅದಕ್ಕೆ ಬರಬಹುದಾಗಿದ್ದ ಠೇವಣಿ ಬಡ್ಡಿ ತಿಂಗಳಿಗೆ 4,600ರಷ್ಟು ತಪ್ಪುತ್ತದೆ. ಅದನ್ನು ಸೇರಿಸಿದರೂ ಮನೆಯ ಲೆಕ್ಕವೇ ಹಗುರ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಭಾವ ಕುಳಿತರು.

ಮೇಲಿನ ಶೀಟಿನ ಕೋಣೆಯ ಬಾಡಿಗೆ 5,500 ಆಗುತ್ತಿತ್ತು. ಅದನ್ನು ಲೆಕ್ಕಕ್ಕೆ ಸೇರಿಸಬಾರದು ಎಂದು ನಾನು ಹಟ ಹಿಡಿದೆ. ಮಂಜೂರಾದ ನಕ್ಷೆಯಲ್ಲಿ ಆ ಕೋಣೆ ಇರಲಿಲ್ಲ. ನಕ್ಷೆ ಮೀರಿ ಕಟ್ಟಿದ್ದನ್ನು ಸಕ್ರಮ ಮಾಡುವ ಯೋಜನೆಗೆ ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲೇ ತಡೆ ಕೊಟ್ಟಿತ್ತು. ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಗೋಡೆಯ ಮೇಲೆ ಇಪ್ಪತ್ತು ವರ್ಷದ ಕಂತನ್ನು ನಿಲ್ಲಿಸಬಾರದು. ಬ್ಯಾಂಕಿನ ಮೌಲ್ಯಮಾಪಕರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರ ವರದಿಯನ್ನೇ ಮುಂದಿಟ್ಟುಕೊಂಡು ಚೌಕಾಸಿ ಮಾಡಿದೆವು. ಬೆಲೆ 58 ಲಕ್ಷಕ್ಕೆ ಇಳಿಯಿತು. ಚೌಕಾಸಿಯಲ್ಲಿ ದನಿ ಎತ್ತರಿಸುವುದಕ್ಕಿಂತ ಇಂಥ ಒಂದು ಕಾಗದ ಹೆಚ್ಚು ಕೆಲಸ ಮಾಡುತ್ತದೆ.

ದುಡ್ಡು ಹೊಂದಿದ ಬಗೆ: ಠೇವಣಿ 11, ಚೀಟಿ 5, ಭಾವನ ಭವಿಷ್ಯನಿಧಿಯಿಂದ ಮನೆ ಕೊಳ್ಳಲೆಂದು ಪಡೆದ ಮುಂಗಡ 6, ಊರಿನ ತೆಂಗಿನ ತೋಟದ ಪಾಲಿನಿಂದ 4, ಒಟ್ಟು 26 ಲಕ್ಷ. ಅದರಲ್ಲಿ 18 ಮಾರುವವರಿಗೆ, 4 ದುರಸ್ತಿಗೆ. ಉಳಿದದ್ದು ನೋಂದಣಿಗೆ. ಈ ನೋಂದಣಿ ಖರ್ಚನ್ನು ಜನ ಕೊನೆಯವರೆಗೂ ಮರೆತಿರುತ್ತಾರೆ. ಸೈಟಿನ ಲೆಕ್ಕದಲ್ಲಿ ಭಾವ ಒಂದು ಪೈಸೆಯನ್ನೂ ಅದಕ್ಕೆಂದು ಇಟ್ಟಿರಲಿಲ್ಲ. 58 ಲಕ್ಷಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 5, ಆ ಶುಲ್ಕದ ಮೇಲೆ ನೂರಕ್ಕೆ 10 ಸೆಸ್ ಮತ್ತು 2 ಸರ್ಚಾರ್ಜ್, ಆಗಿನ ನೋಂದಣಿ ಶುಲ್ಕ ನೂರಕ್ಕೆ 1. ಎಲ್ಲ ಸೇರಿ 3,82,800 ರೂಪಾಯಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 2 ಆಗಿದೆ. ಅದೇ ಬೆಲೆಯ ಮನೆಗೆ ಈಗ 4,40,800 ಬೇಕು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ನೂರಕ್ಕೆ 1ರಂತೆ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಈ 58,000 ಮಾರುವವರ ಹಣದಲ್ಲಿ ಮುರಿದುಕೊಳ್ಳುವಂಥದ್ದು, ಆದರೆ ಕಟ್ಟುವುದನ್ನು ಮರೆತರೆ ನೋಟಿಸ್ ಬರುವುದು ಕೊಂಡವರಿಗೆ.

ಎರಡು ಕಡೆ ಕೈ ಹಾಕಬಾರದು ಎಂದು ಮೊದಲೇ ಗೆರೆ ಎಳೆದಿದ್ದೆವು. ಒಂದು, ಮಗಳ ಸುಕನ್ಯಾ ಸಮೃದ್ಧಿ ಖಾತೆ. 2015ರಲ್ಲಿ ಆ ಯೋಜನೆ ಶುರುವಾದಾಗಲೇ ಅಂಚೆ ಕಚೇರಿಯಲ್ಲಿ ತೆರೆದು ತಿಂಗಳಿಗೆ 3,000 ಕಟ್ಟುತ್ತಿದ್ದರು. ಕಂತು ಹೊಂದಿಸಲು ಅದನ್ನು ನಿಲ್ಲಿಸೋಣ ಎಂದು ಭಾವ ಕೇಳಿದರು. ಅಕ್ಕ ಒಪ್ಪಲಿಲ್ಲ. ಎರಡು, ಅಕ್ಕ ಬೇರೆಯಾಗಿ ಕೂಡಿಟ್ಟಿದ್ದ ಒಂದೂವರೆ ಲಕ್ಷ. ಸಂಬಳ ತಡವಾದರೆ, ಬಾಡಿಗೆಯವರು ಬಿಟ್ಟರೆ, ಆಸ್ಪತ್ರೆಗೆ ಹೋಗಬೇಕಾದರೆ ಮಾತ್ರ ಅದು. ಶೀಟಿನ ಕೋಣೆಯ ಬಾಡಿಗೆ ಬಂದಷ್ಟೂ ಈ ಗಂಟಿಗೇ ಸೇರಬೇಕು ಎಂದು ತೀರ್ಮಾನವಾಯಿತು.

ಇಬ್ಬರು ತಂಗಿಯರ ಸಹಿ

ಮನೆ ಮಾರುವವರ ತಂದೆಯ ಸ್ವಯಾರ್ಜಿತ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು. ಖಾತೆ ಮಗನ ಹೆಸರಿಗೆ ಆಗಿತ್ತು, ಕಂದಾಯವನ್ನೂ ಅವರೇ ಕಟ್ಟುತ್ತಿದ್ದರು. "ತಂಗಿಯರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ" ಎಂದರು. ಖಾತೆ ಎಂಬುದು ಕಂದಾಯ ಯಾರಿಂದ ವಸೂಲಿ ಮಾಡಬೇಕು ಎಂಬ ಗುರುತು. ಮಾಲೀಕತ್ವ ಅದರಿಂದ ಹುಟ್ಟುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲಿಲ್ಲದ ತಂದೆಯ ಸ್ವಯಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಇಬ್ಬರು ತಂಗಿಯರೂ ಕ್ರಯಪತ್ರಕ್ಕೆ ಸಹಿ ಹಾಕದಿದ್ದರೆ ಬೇಡ ಎಂದೆವು.

ಇದಕ್ಕೆ ಎರಡು ತಿಂಗಳು ಹಿಡಿಯಿತು. ಭಾವನಿಗೆ ಮನೆ ಕೈತಪ್ಪುತ್ತದೆ ಎಂಬ ಆತಂಕ. ಬೇರೆಯವರು ನಗದು ಕೊಟ್ಟು ಕೊಂಡುಬಿಡುತ್ತಾರೆ ಎಂದು ಮಧ್ಯವರ್ತಿ ದಿನಕ್ಕೊಮ್ಮೆ ಹೆದರಿಸುತ್ತಿದ್ದರು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದು ನಾನು ದಿನಕ್ಕೊಮ್ಮೆ ಹೇಳುತ್ತಿದ್ದೆ.

ಡಿಸೆಂಬರಿನಲ್ಲಿ ನೋಂದಣಿಯ ದಿನ ಕಿರಿಯ ತಂಗಿ ದಾವಣಗೆರೆಯಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದು ನೇರವಾಗಿ ಉಪನೋಂದಣಿ ಕಚೇರಿಗೆ ಬಂದರು. ಹೊಲದ ಕೆಲಸ ಮಾಡಿ ಸವೆದ ಹೆಬ್ಬೆರಳು. ಯಂತ್ರ ಮೂರು ಸಲ ಅದನ್ನು ಗುರುತಿಸಲಿಲ್ಲ. ಅಕ್ಕ ತನ್ನ ಕೈವಸ್ತ್ರ ಒದ್ದೆ ಮಾಡಿ ಅವರ ಬೆರಳನ್ನು ಒರೆಸಿದಳು. ನಾಲ್ಕನೇ ಸಲ ಗೆರೆಗಳು ಪರದೆಯ ಮೇಲೆ ಮೂಡಿದವು. ಅಣ್ಣ ಆ ದಿನ ಇಬ್ಬರು ತಂಗಿಯರಿಗೂ ಅವರವರ ಪಾಲಿನ ಡಿ.ಡಿ. ಕೊಟ್ಟರು. ಆ ಹೆಣ್ಣುಮಗಳು ಅದನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಿದ್ದರು. ಇಂಥ ನೋಂದಣಿಗಳನ್ನು ನಾನು ನೂರಾರು ನೋಡಿದ್ದೇನೆ, ಅದು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕ್ರಯಪತ್ರ ಅಕ್ಕ, ಭಾವ ಇಬ್ಬರ ಹೆಸರಿನಲ್ಲೂ ಆಯಿತು.

ಆರು ವರ್ಷ

ಮನೆಗೆ ಹೋಗಿ ಮೂರು ತಿಂಗಳಾಗುವಷ್ಟರಲ್ಲಿ, 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಬಂತು. ಭಾವನಿಗೆ ನಾಲ್ಕು ತಿಂಗಳು ನೂರಕ್ಕೆ ಮೂವತ್ತರಷ್ಟು ಸಂಬಳ ಕಡಿತ. ಶೀಟಿನ ಕೋಣೆಯ ಹುಡುಗರು ಊರಿಗೆ ಹೋದವರು ಆರು ತಿಂಗಳು ಬರಲಿಲ್ಲ. ಮೊದಲ ಅಂತಸ್ತಿನಲ್ಲಿದ್ದ ಗಾರ್ಮೆಂಟ್ಸ್ ಕೆಲಸದ ಕುಟುಂಬ ಅರ್ಧ ಬಾಡಿಗೆ ಕೊಡುತ್ತೇವೆ ಎಂದು ಕೇಳಿದರು. ಅಕ್ಕ ಮೂರು ತಿಂಗಳಿಗೆ ಒಪ್ಪಿದಳು. ಆ ಕುಟುಂಬ ಇವತ್ತಿಗೂ ಅಲ್ಲೇ ಇದೆ. ಐದು ವರ್ಷದಲ್ಲಿ ಒಂದು ತಿಂಗಳೂ ಮನೆ ಖಾಲಿ ಬಿದ್ದಿಲ್ಲ.

ರಿಸರ್ವ್ ಬ್ಯಾಂಕು ಆಗ ಕಂತು ಮುಂದೂಡಲು ಅವಕಾಶ ಕೊಟ್ಟಿತು, ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ ಕೊನೆಯವರೆಗೆ. ಬಹಳ ಜನ ಇದನ್ನು ಬಡ್ಡಿ ಮನ್ನಾ ಎಂದೇ ತಿಳಿದರು. 40 ಲಕ್ಷದ ಸಾಲಕ್ಕೆ ತಿಂಗಳ ಬಡ್ಡಿಯೇ 26,000ಕ್ಕೂ ಹೆಚ್ಚು. ಕಟ್ಟದಿದ್ದರೆ ಅದು ಅಸಲಿಗೆ ಸೇರಿ ಮುಂದಿನ ಇಪ್ಪತ್ತು ವರ್ಷವೂ ಬಡ್ಡಿ ದುಡಿಯುತ್ತದೆ. ಬೇರೆ ದಾರಿಯೇ ಇಲ್ಲದವರಿಗೆ ಆ ಅವಕಾಶ ದೊಡ್ಡ ಆಸರೆಯಾಗಿತ್ತು. ಅಕ್ಕನ ಬಳಿ ಗಂಟು ಇತ್ತು. ಒಂದೂವರೆ ಲಕ್ಷ ತೊಂಬತ್ತು ಸಾವಿರಕ್ಕೆ ಇಳಿಯಿತು, ಆದರೆ ಒಂದು ಕಂತೂ ತಪ್ಪಲಿಲ್ಲ. ಈ ಇಡೀ ಪ್ರಕರಣದಲ್ಲಿ ಮನೆಯನ್ನು ಉಳಿಸಿದ್ದು ಯಾವುದು ಎಂದು ಕೇಳಿದರೆ ನಾನು ಆ ಗಂಟನ್ನೇ ತೋರಿಸುತ್ತೇನೆ.

2019ರ ಅಕ್ಟೋಬರಿನಿಂದ ಹೊಸ ಗೃಹಸಾಲಗಳ ಬದಲಾಗುವ ಬಡ್ಡಿಯನ್ನು ರೆಪೊ ದರದಂಥ (ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಹೊರಗಿನ ಮಾನದಂಡಕ್ಕೆ ಜೋಡಿಸಬೇಕು ಎಂಬ ನಿಯಮ ಬಂದಿತ್ತು, ಇವರದು ಹಾಗೆ ರೆಪೊಗೆ ಜೋಡಿಸಿದ ಸಾಲ. 2020ರ ಮೇ ತಿಂಗಳಲ್ಲಿ ರೆಪೊ ನೂರಕ್ಕೆ 4ಕ್ಕೆ ಇಳಿದಾಗ ಇವರ ಬಡ್ಡಿ 7.15 ಆಯಿತು. ಕಂತು ಕಡಿಮೆ ಮಾಡಿಸೋಣ ಎಂದರು ಭಾವ. ಕಂತು ಹಾಗೇ ಇರಲಿ, ಉಳಿದದ್ದು ಅಸಲಿಗೆ ಹೋಗಲಿ ಎಂದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ 6.5ಕ್ಕೆ ಏರಿತು, ಇವರ ಬಡ್ಡಿ 9.65. ಇಂಥ ಹೊತ್ತಿನಲ್ಲಿ ಕಂತು ಏರಿಸುವ ಬದಲು ಅವಧಿಯನ್ನು ಉದ್ದ ಮಾಡುವುದು ರೂಢಿ. ತಿಂಗಳು ತಿಂಗಳು ಏನೂ ಬದಲಾಗದ ಕಾರಣ ಸಾಲಗಾರರ ಗಮನಕ್ಕೆ ಅದು ಬರುವುದೇ ಇಲ್ಲ. ಅಕ್ಕ ಗಣಿತದವಳು, ಗಮನಿಸಿದಳು. 2021ರಿಂದಲೇ ಬೋನಸ್ಸಿನಲ್ಲಿ, ಏರಿದ ಬಾಡಿಗೆಯಲ್ಲಿ ಒಂದು ಭಾಗವನ್ನು ವರ್ಷಕ್ಕೊಮ್ಮೆ ಅಸಲಿಗೆ ಕಟ್ಟುತ್ತಿದ್ದಳು, ಮೊದಲು 60,000, ಆಮೇಲೆ 80,000, ಈಚೆಗೆ ಒಂದು ಲಕ್ಷ. ವ್ಯಕ್ತಿಗಳ ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡವಿಲ್ಲ. ಐದು ವರ್ಷದಲ್ಲಿ ಹೀಗೆ ಕಟ್ಟಿದ್ದು 4.4 ಲಕ್ಷ. 2025ರ ಕೊನೆಗೆ ಸಾಲದ ಬಾಕಿ ಸುಮಾರು 29 ಲಕ್ಷ.

2023ರಲ್ಲಿ ಮತ್ತೊಂದು ಆಸೆ ಎದುರಾಯಿತು. ದೊಡ್ಡಬಳ್ಳಾಪುರದ ಕಡೆ ಹೊಸ ಬಡಾವಣೆ, ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಊಟ ಹಾಕಿಸಿ ತೋರಿಸಿದರು. ಎರಡು ಲಕ್ಷ ಕೊಟ್ಟು ಈಗಲೇ ಹೆಸರು ಬರೆಸಿದರೆ ಕಡಿಮೆ ಬೆಲೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಮೇಲೆ ಬರುತ್ತದೆ ಎಂದರಂತೆ. 500 ಚದರ ಮೀಟರಿಗಿಂತ ದೊಡ್ಡ ಯೋಜನೆಯನ್ನು ರೇರಾ ನೋಂದಣಿಗೆ ಮೊದಲು ಜಾಹೀರಾತು ಮಾಡುವಂತೆಯೂ ಇಲ್ಲ, ಬುಕಿಂಗ್ ಪಡೆಯುವಂತೆಯೂ ಇಲ್ಲ. ಈ ಸಲ ಭಾವ ಟೋಕನ್ ಕೊಡದೆ ಮನೆಗೆ ಬಂದರು. ಮೊದಲು ಸಂಖ್ಯೆ ಕಳಿಸಿ, ರೇರಾ ಜಾಲತಾಣದಲ್ಲಿ ನೋಡಿ ಹೇಳುತ್ತೇನೆ ಎಂದು ಅಲ್ಲೇ ಹೇಳಿದ್ದರಂತೆ. ಸಂಖ್ಯೆ ಬರಲೇ ಇಲ್ಲ.

ಆ ಎರಡು ಲಕ್ಷದಲ್ಲಿ ಸಂಪು ದೊಡ್ಡದು ಮಾಡಿಸಿ, ಮೊದಲ ಅಂತಸ್ತಿಗೆ ಬೇರೆ ವಿದ್ಯುತ್ ಮೀಟರು ಹಾಕಿಸಿ, ಸೋರುತ್ತಿದ್ದ ಸ್ನಾನದ ಮನೆ ಸರಿಮಾಡಿಸಿದರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಜನ ಸಾಲು ನಿಂತಾಗ, ಕಾವೇರಿ ಸಂಪರ್ಕವೂ ದೊಡ್ಡ ಸಂಪೂ ಇದ್ದ ಈ ಮನೆಯವರು ಒಂದು ದಿನವೂ ನೀರು ಕೊಳ್ಳಲಿಲ್ಲ. ಈಗ ಮೊದಲ ಅಂತಸ್ತಿನ ಬಾಡಿಗೆ 15,500. ಕೋಣೆಯದು 8,000, ಅದು ಈಗಲೂ ಗಂಟಿಗೇ.

ನೋಟುಪುಸ್ತಕದ ಮೊದಲ ಸಾಲು ಈಡೇರಿತು. ಮಗಳಿಗೆ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಸುಕನ್ಯಾ ಖಾತೆಯಿಂದ ಉನ್ನತ ಶಿಕ್ಷಣಕ್ಕೆಂದು ಅರ್ಧದವರೆಗೆ ತೆಗೆಯಬಹುದು. ಅದೂ ಸಂಬಳವೂ ಸೇರಿ ಶುಲ್ಕಕ್ಕೆ ಸಾಕಾಯಿತು. ಎರಡನೆಯದು ಇನ್ನೂ ದೂರ. ಹೀಗೇ ಕಟ್ಟಿಕೊಂಡು ಹೋದರೆ 2030ರ ಕೊನೆಗೆ ಸುಮಾರು 12 ಲಕ್ಷ ಸಾಲ ಉಳಿಯುತ್ತದೆ. ಗ್ರಾಚ್ಯುಟಿಯೂ ಭವಿಷ್ಯನಿಧಿಯ ಒಂದು ಭಾಗವೂ ಅದಕ್ಕೆ ಹೋಗಬೇಕಾಗುತ್ತದೆ. ಮೊದಲ ಲೆಕ್ಕದಲ್ಲಿ ನಾನು ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಬಡ್ಡಿ 9.65ರವರೆಗೆ ಏರಬಹುದೆಂದು ಆಗಲೇ ಒಂದು ಲೆಕ್ಕ ಹಾಕಿ ತೋರಿಸಬೇಕಿತ್ತು. ಅದು ನನ್ನ ತಪ್ಪು.

ಮಾಗಡಿ ರಸ್ತೆಯ ಆ ಸೈಟಿನ ಬೆಲೆ ಎರಡು ಪಟ್ಟಾಗಿದೆ ಎಂದು ಭಾವ ಆಗಾಗ ಹೇಳುತ್ತಾರೆ. ಹೇಳುವ ಬೆಲೆ ಆಗಿರಬಹುದು. ಅಲ್ಲಿ ಮನೆಗಳೂ ಎದ್ದಿವೆ. ಮಂಜೂರುದಾರರ ಮೊಮ್ಮಕ್ಕಳು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿದ್ದಾರೆ, ವಿಚಾರಣೆ ನಡೆಯುತ್ತಿದೆ. ಅಲ್ಲಿ ದುಡ್ಡು ಹಾಕಿದವರೂ ನಮ್ಮ ಹಾಗೆ ಕೂಡಿಟ್ಟು ಕೂಡಿಟ್ಟು ಕೊಂಡವರೇ. ಅವರಿಗೆ ಆ ಹಳೆಯ ಪಹಣಿಯನ್ನು ತೋರಿಸುವವರು ಒಬ್ಬರು ಇದ್ದಿದ್ದರೆ ಎಂದು ನನಗೆ ಅನ್ನಿಸುತ್ತದೆ.

ಈಗ ಮನೆಯಲ್ಲಿ ನಡೆಯುತ್ತಿರುವ ಚರ್ಚೆ ಶೀಟಿನ ಕೋಣೆಯದು. ಅದನ್ನು ಕೆಡವಿ, ನಕ್ಷೆ ಮಂಜೂರು ಮಾಡಿಸಿ, ಒಂದು ಗೋಡೆಯನ್ನು ಒಳಕ್ಕೆ ಸರಿಸಿ ಸರಿಯಾಗಿ ಕಟ್ಟಲು ಎಂಜಿನಿಯರ್ 7 ಲಕ್ಷದ ಅಂದಾಜು ಕೊಟ್ಟಿದ್ದಾರೆ. ಭಾವನಿಗೆ ಈಗಲೇ ಕಟ್ಟಿಸುವ ಆಸೆ. ಅಕ್ಕ 2028ರಲ್ಲಿ ಮಗಳ ಓದು ಮುಗಿಯಲಿ ಎನ್ನುತ್ತಾಳೆ. ಕಳೆದ ಭಾನುವಾರ ನಾನು ಹೋದಾಗ ಆ ನಕ್ಷೆ ಹಜಾರದ ಮೂಲೆಯಲ್ಲಿ ಸುರುಳಿ ಸುತ್ತಿ ನಿಂತಿತ್ತು. ಹಜಾರದ ತುಂಬ ಚಾಪೆ, ಅದರ ಮೇಲೆ ಏಳು ಹುಡುಗಿಯರು, ಮೊದಲ ಅಂತಸ್ತಿನವರ ಮಗಳೂ ಸೇರಿ. ಅಕ್ಕ ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಚಕ್ರಬಡ್ಡಿಯ ಲೆಕ್ಕ ಬರೆಯುತ್ತಿದ್ದಳು.